ಅಕ್ಕಾಸಾಹೇಬರು ಉಟ್ಟ ಯಂತ್ರಮಗ್ಗದ ಸೀರೆ

ಹೋದ ವಾರ ಒಂದು ಹಳೆಯ ಸೀರೆಗೆ ಎರಡು ಸಾವಿರ ಕೊಟ್ಟೆ. ಬೆಟಗೇರಿಯಲ್ಲಿ ಮೂವತ್ತು ವರ್ಷದಿಂದ ಸೀರೆ ಅಂಗಡಿ ನಡೆಸುವ ನಾನು ಬದನೆಕಾಯಿಯನ್ನೂ ಚೌಕಾಸಿ ಮಾಡದೆ ಕೊಂಡವಳಲ್ಲ. ಇದಕ್ಕೆ ಮಾತ್ರ ಕೇಳಿದಷ್ಟು ಕೊಟ್ಟುಬಿಟ್ಟೆ. ಬಣ್ಣ ಹೋಗಿದೆ, ಅದೂ ಯಂತ್ರಮಗ್ಗದ್ದು. ಆದರೆ ಉಟ್ಟವರು ಅಕ್ಕಾಸಾಹೇಬರು. ಕೈಮಗ್ಗದ್ದೆಂದು ಹೇಳಿ ಅವರಿಗೆ ಮಾರಿದವಳು ನಾನು.

ಅಕ್ಕಾಸಾಹೇಬರೆಂದರೆ ಶಿರಹಟ್ಟಿ ಕಡೆಯ ಸಣ್ಣದೊಂದು ಸಂಸ್ಥಾನದ ಕೊನೆಯ ರಾಜಕುಮಾರಿ. ಅರಮನೆ ಎಂದಾಕ್ಷಣ ನೀವು ಮೈಸೂರನ್ನು ನೆನೆಯಬೇಡಿ. ನಮ್ಮ ಕಡೆಯದು ಮಣ್ಣಿನ ಮಾಳಿಗೆಯ ವಾಡೆ, ಮಳೆ ಬಂದರೆ ದರಬಾರಿನಲ್ಲೂ ಬೋಗುಣಿ ಇಡಬೇಕು. ಸಂಸ್ಥಾನ ಹೋಯಿತು, ಕುದುರೆಗಳೂ ಹೋದವು. ಖಾಲಿ ಲಾಯದಲ್ಲಿ ಅವರು ಹೆಣ್ಣುಮಕ್ಕಳಿಗೆ ಓದು ಕಲಿಸಿದರು. ಮದುವೆಯಾಗಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟರೆ, "ಕುಂಡ್ರವಾ, ನಂದೂ ನಿನ್ನಷ್ಟಽ ಟಿಕೀಟು," ಎನ್ನುತ್ತಿದ್ದರು.

ಪ್ರತಿ ಶ್ರಾವಣಕ್ಕೆ ಅವರು ನಮ್ಮ ನೇಕಾರರ ಓಣಿಗೆ ಬರುವುದು ಅವರ ಅಜ್ಜಿಯ ಕಾಲದ ಪದ್ಧತಿ. ಆ ಓಣಿಯಲ್ಲೇ ನೇಯ್ದ ಹೊಸ ಸೀರೆ ಉಟ್ಟು, ಮನೆಮನೆಯ ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಆಗ ನಾನು ಗಂಟು ಹೊತ್ತು ಸೀರೆ ಮಾರುತ್ತಿದ್ದೆ. ಒಂದು ವರ್ಷ ಆ ಸೀರೆ ತರುವ ಕೆಲಸ ನನಗೆ ಒಪ್ಪಿಸಿದರು. ಯಂತ್ರಮಗ್ಗದ್ದು ಅರ್ಧ ಬೆಲೆಗೆ ಸಿಕ್ಕಿತು. ವಾಡೆಯವರಿಗೇನು ತಿಳಿಯುತ್ತದೆ ಎಂಬ ಜಾಣತನ ನನ್ನದು. ಓಣಿಯವರಿಗೆ ತಿಳಿಯುತ್ತದೆಂದು ಆ ಜಾಣತನಕ್ಕೆ ಹೊಳೆಯಲಿಲ್ಲ.

ಮೊದಲ ಮನೆಯಲ್ಲೇ, ಮಗ್ಗದ ಒಡತಿ ಶಂಕ್ರವ್ವ ಅಕ್ಕಾಸಾಹೇಬರ ಸೆರಗನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು.

"ಅಕ್ಕಾಸಾಹೇಬ್ರ, ಇದು ಯಾರ ಮಗ್ಗದ್ದರಿ?"

ಬಾಗಿಲಲ್ಲಿ ನಿಂತಿದ್ದ ನಾನು ಗಂಟನ್ನು ಬೆನ್ನ ಹಿಂದೆ ಸರಿಸಿದೆ. ನನ್ನ ಹೆಸರು ಬಂದರೆ ಆ ಓಣಿಯಲ್ಲಿ ಇನ್ನು ಯಾರೂ ನನಗೆ ಸೀರೆ ಕೊಡುತ್ತಿರಲಿಲ್ಲ; ನನ್ನ ಅನ್ನ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕಾಸಾಹೇಬರು ಸೆರಗು ನೋಡಿದರು, ನನ್ನನ್ನು ನೋಡಿದರು.

"ನಾನಽ ಆರಿಸಿದ್ದವಾ. ಕಣ್ಣು ಮಂದ ಆಗ್ಯಾವು."

"ಸೀರಿ ಕಣ್ಣಿಲೆ ನೋಡೂದಲ್ರಿ, ಕೈಲೆ ನೋಡಬೇಕು," ಎಂದಳು ಶಂಕ್ರವ್ವ. ನೆರೆದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಸಲುವಾಗಿ ರಾಜಕುಮಾರಿ ನಗೆಪಾಟಲಾದರು.

ಹೊರಗೆ ಬಂದು ಅಕ್ಕಾಸಾಹೇಬರು ನನಗೆ ಹೇಳಿದ್ದು ಇಷ್ಟೇ: "ತಂಗಿ, ಒಂದು ಸೀರಿ ನೀನಽ ನೇಯಿ. ಆಮ್ಯಾಲ ಮಾರಾಕ ಬಾ."

ಶಂಕ್ರವ್ವನ ಮಗ್ಗದಲ್ಲಿ ಒಂದು ತಿಂಗಳು ಕುಳಿತೆ. ನೂಲು ಹರಿದಾಗಲೆಲ್ಲ ಆಕೆ, "ಚೌಕಾಸಿ ಮಾಡವಾ ಅದಕ್ಕ, ಕೂಡ್ತೈತೇನೋ," ಎಂದು ಚುಚ್ಚುತ್ತಿದ್ದಳು. ಅಂಚು ಸೊಟ್ಟಗಾಗಿದ್ದ ನನ್ನ ಸೀರೆಯನ್ನೇ ಅಕ್ಕಾಸಾಹೇಬರು ಮುಂದಿನ ಶ್ರಾವಣಕ್ಕೆ ಉಟ್ಟು ಬಂದರು.

ಈಗ ಅವರಿಲ್ಲ. ಹೋದ ವಾರ ಅವರ ತಮ್ಮನ ಮೊಮ್ಮಗಳು ವಾಡೆಯ ಸಾಮಾನು ಮಾರುತ್ತಿದ್ದಾಗ, ಪೆಟ್ಟಿಗೆಯ ತಳದಲ್ಲಿ ನನ್ನ ಖೊಟ್ಟಿ ಸೀರೆ ಕಂಡಿತು. ಎಂದೋ ಎಸೆದಿರುತ್ತಾರೆ ಎಂದುಕೊಂಡಿದ್ದೆ. ಒಗೆದೊಗೆದು ಹತ್ತಿಯ ಹಂಜಿಯಂತೆ ಮೆತ್ತಗಾಗಿತ್ತು.

"ಮನ್ಯಾಗ ಯಾವಾಗ್ಲೂ ಇದನ್ನಽ ಉಡ್ತಿದ್ರು ನೋಡ್ರಿ," ಎಂದಳು ಹುಡುಗಿ.

ಅದೀಗ ನನ್ನ ಅಂಗಡಿಯಲ್ಲಿ ಕೈಮಗ್ಗದ ಸೀರೆಯ ಪಕ್ಕದಲ್ಲಿದೆ. ಬಂದರೆ ಎರಡನ್ನೂ ಮುಟ್ಟಿ ನೋಡಿ. ಕೈಮಗ್ಗದ್ದಾದರೆ ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿರುತ್ತವೆ. ಬೆಲೆ ಕೇಳುವ ಮೊದಲು ನೇಯಲು ಎಷ್ಟು ದಿನ ಹಿಡಿಯಿತೆಂದು ಕೇಳಿ. ಆಮೇಲೆ ಬೇಕಾದಷ್ಟು ಚೌಕಾಸಿ ಮಾಡಿ, ನಾನೂ ಮಾಡುತ್ತೇನೆ. ಆದರೆ ಮಾರುವವಳ ಮೋಸ ನಿಮ್ಮ ಕೈಗೆ ತಿಳಿದರೆ, ನಾಲ್ಕು ಜನರೆದುರು ಹೇಳಬೇಡಿ. ಹೊರಗೆ ಕರೆದು ಹೇಳಿ.