ಒಂದು ಟ್ರೇ ಬನ್ನಿನಷ್ಟು ದೊಡ್ಡವಳು

ಅವಳಿ ಹೆಣ್ಣುಮಕ್ಕಳು ಅವರು. ದೊಡ್ಡವಳು ಹುಟ್ಟಿ ಕಾಲು ಗಂಟೆಗೆ ಚಿಕ್ಕವಳು ಹುಟ್ಟಿದ್ದು. ಕಾಲು ಗಂಟೆ ಅಂದರೆ ಬೇಕರಿಯವರ ಬಾಯಲ್ಲಿ ಒಂದು ಟ್ರೇ ಬನ್ನು ಬೇಯುವ ಹೊತ್ತು. ಅಷ್ಟಕ್ಕೇ ದೊಡ್ಡವಳ ದೊಡ್ಡಸ್ತಿಕೆ ಹೇಳತೀರದು. ಅಂಗಡಿಯ ಬೀಗದ ಕೈ ಅವಳ ಸೊಂಟದಲ್ಲಿ, ಕೊನೆಯ ಮಾತು ಅವಳ ಬಾಯಲ್ಲಿ. ಐವತ್ತು ದಾಟಿದರೂ ಚಿಕ್ಕವಳು ಮಾತ್ರ ಒಂದು ಸಲವೂ ಅವಳನ್ನು ಅಕ್ಕ ಎಂದು ಕರೆದವಳಲ್ಲ.

"ಒಂದು ಟ್ರೇ ಬನ್ನಿಗೆಲ್ಲ ಅಕ್ಕ ಅನ್ನೋಕಾಗಲ್ಲ ಕಣೇ," ಅನ್ನುವುದು ಅವಳ ಹಟ.

ಅಪ್ಪ ಬಿಟ್ಟುಹೋದ ಬೇಕರಿ ಅದು. ಮುಂದೆ ಗಾಜಿನ ಕೌಂಟರು, ಹಿಂದಿನ ಕೋಣೆಯಲ್ಲಿ ಒಲೆ, ಹಿಟ್ಟು ನಾದುವ ಉದ್ದನೆಯ ಮೇಜು, ಗೋಡೆಗೊರಗಿಸಿದ ಟ್ರೇಗಳು. ಕನ್ನಡಿ ಮಾತ್ರ ಇರಲಿಲ್ಲ. ಒಬ್ಬಳ ಕೆನ್ನೆಗೆ ಹಿಟ್ಟು ಮೆತ್ತಿಕೊಂಡರೆ ಇನ್ನೊಬ್ಬಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತನ್ನ ಕೆನ್ನೆಯನ್ನೇ ಮುಂಗೈಯಿಂದ ಒರೆಸಿಕೊಳ್ಳುತ್ತಿದ್ದಳು. ಅದನ್ನು ಕಂಡು ಹಿಟ್ಟು ಮೆತ್ತಿಕೊಂಡವಳು ತಾನೂ ಒರೆಸಿಕೊಳ್ಳುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಚಿಕ್ಕಂದಿನಿಂದ ಬಂದ ಅಭ್ಯಾಸ. ತನ್ನದೇ ಮುಖ ಎದುರಿಗೆ ಓಡಾಡಿಕೊಂಡಿರುವಾಗ ಕನ್ನಡಿ ಯಾಕೆ ಬೇಕು ಹೇಳಿ.

ವಯಸ್ಸು ಯಾರನ್ನೂ ಬಿಡುವುದಿಲ್ಲವಲ್ಲ. ಇಬ್ಬರ ಕೆನ್ನೆಗಳೂ ಒಟ್ಟಿಗೇ ಗುಳಿಬಿದ್ದವು, ಮೂಗಿನ ಪಕ್ಕದ ಗೆರೆ ಒಟ್ಟಿಗೇ ಬಾಯಿಯವರೆಗೆ ಇಳಿಯಿತು. ಬ್ರೆಡ್ಡಿಗೆ ಬಂದವರೆಲ್ಲ ಒಂದೇ ಮಾತು ಕೇಳತೊಡಗಿದರು: "ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ, ಮುಖಾನೇ ಹೀಗಿರೋದು," ಎಂದು ಹೇಳಿ ಹೇಳಿ ದೊಡ್ಡವಳಿಗೆ ಸಾಕಾಗಿಹೋಯಿತು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಕ್ಲಿನಿಕ್ಕಿಗೆ ಹೋಗಿ ಕೆನ್ನೆಗೆ ಫಿಲ್ಲರ್ ಹಾಕಿಸಿಕೊಂಡು ಬಂದಳು. ಚರ್ಮದಡಿಗೆ ಸೂಜಿಯಲ್ಲಿ ಜೆಲ್ಲಿಯಂಥದೇನನ್ನೋ ಬಿಟ್ಟು ಗುಳಿ ತುಂಬಿಸುತ್ತಾರಂತೆ. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಬಂದಿತ್ತು. ಬಾವು ಇಳಿದ ಮೇಲಂತೂ ಕಣ್ಣಿಗೂ ಒಂದು ಕಳೆ ಬಂತು. ಮುಖ ಊದಿಸಿಕೊಂಡು ಬಂದವಳು ದೊಡ್ಡವಳು, ಮುಖ ಊದಿಸಿಕೊಂಡು ಕೂತವಳು ಚಿಕ್ಕವಳು.

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಶುರುವಾಯಿತು ತಮಾಷೆ. ಹೊಸ ಗಿರಾಕಿಗಳು ಚಿಕ್ಕವಳನ್ನು ಕೇಳುವುದು, "ಅಕ್ಕಾ, ನಿಮ್ಮ ತಂಗಿ ಇಲ್ವಾ ಇವತ್ತು?" ಒಳಗಿನಿಂದ ಕೇಳಿಸಿಕೊಂಡ ದೊಡ್ಡವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಚೆಂದ ಕಾಣಬೇಕೆಂದು ಹೋದವಳು ಇದ್ದೊಂದು ಪಟ್ಟವನ್ನೂ ಕಳೆದುಕೊಂಡು ಬಂದಿದ್ದಳು. ಚಿಕ್ಕವಳು ನಕ್ಕಳು. ಆದರೆ ಅವಳಿಗೆ ಬೇರೆ ಸಂಕಟವಿತ್ತು.

ಕೆಲವು ದಿನ ಕೆನ್ನೆ ಉಜ್ಜಬೇಡಿ ಎಂದಿದ್ದರು ಡಾಕ್ಟರು. ಆ ದಿನಗಳು ಕಳೆದು ತಿಂಗಳುಗಳಾದರೂ ದೊಡ್ಡವಳ ಕೈ ಕೆನ್ನೆಯ ಹತ್ತಿರ ಸುಳಿಯಲಿಲ್ಲ. ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯ. ಹಾಗಾಗಿ ಒಂದು ದಿನ ಚಿಕ್ಕವಳು ಕೆನ್ನೆ ತುಂಬ ಹಿಟ್ಟು ಮೆತ್ತಿಕೊಂಡೇ ಮಧ್ಯಾಹ್ನದವರೆಗೆ ಕೌಂಟರಿನಲ್ಲಿ ನಿಂತಿದ್ದಳು. ಕೊನೆಗೆ ಯಾರೋ ಹೆಂಗಸು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ, "ಹುಷಾರಿಲ್ವಾ ಅಕ್ಕ? ತೀರಾ ಬಿಳಿಚಿಕೊಂಡಿದ್ದೀರಿ," ಎಂದಳು. ಅವತ್ತು ಸಂಜೆ ಚಿಕ್ಕವಳು ಒಂದು ಸಣ್ಣ ಕನ್ನಡಿ ತಂದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ಹಾಕುವಾಗ ಅವಳಿಗೆ ಅಳು ಬಂತು.

ಕನ್ನಡಿ ಬಂದ ಮೇಲೆ ಯೋಚನೆಯೂ ಬಂತು. ಹಿಟ್ಟು ಉಬ್ಬಲು ಬಿಟ್ಟು ಕೂತಾಗಲೆಲ್ಲ ಕೆನ್ನೆಯನ್ನು ಬೆರಳಿನಿಂದ ಮೇಲಕ್ಕೆತ್ತಿ ನೋಡಿಕೊಳ್ಳುವಳು. ಆಸೆ ಇರಲಿಲ್ಲವೆಂದಲ್ಲ. ಚೆಂದ ಕಾಣುವುದು ಯಾರಿಗೆ ಬೇಡ? ಆದರೆ ಮುಖ ಇಳಿದದ್ದಕ್ಕಿಂತ ಒಂಟಿಯಾದದ್ದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು. ಹುಟ್ಟುವ ಮೊದಲಿನಿಂದ ಜೊತೆಗಿದ್ದವಳು ತನ್ನನ್ನು ಬಿಟ್ಟು ಮುಂದೆ ಹೋಗಿಬಿಟ್ಟಿದ್ದಳಲ್ಲ.

"ನೀನೂ ಹಾಕಿಸ್ಕೊಂಬಿಡೇ," ಎಂದಳು ದೊಡ್ಡವಳು. "ಮತ್ತೆ ಜೋಡಿ ಆಗ್ತೀವಿ. ನನ್ನ ಅಕ್ಕನ ಪಟ್ಟಾನೂ ವಾಪಸ್ ಬರುತ್ತೆ."

"ನೋವಾಗುತ್ತಾ?"

"ಒಲೆ ಬಾಗಿಲು ತಗಲಿದಷ್ಟೂ ಇಲ್ಲ."

ಬೆಳಗಿನ ವ್ಯಾಪಾರ ಮುಗಿಸಿ, ಸಂಜೆಯ ಹಿಟ್ಟು ನಾದಿಟ್ಟು ಇಬ್ಬರೂ ಹೊರಟರು. ಕ್ಲಿನಿಕ್ಕಿನ ಬಾಗಿಲಲ್ಲಿ ಕೂತ ಹುಡುಗಿ, "ಅಕ್ಕ ಒಳಗೆ ಹೋಗ್ಲಿ, ತಂಗಿ ಇಲ್ಲೇ ಕೂತ್ಕೊಳ್ಳಿ," ಎಂದಳು. ದೊಡ್ಡವಳು ಹಲ್ಲು ಕಚ್ಚಿಕೊಂಡು ಕೂತಳು.

ಡಾಕ್ಟರು ಆತುರದವರಲ್ಲ. "ನಿಮ್ಮ ಮುಖದಲ್ಲಿ ನಿಮಗೆ ಏನು ಇಷ್ಟವಾಗ್ತಿಲ್ಲ?" ಎಂದು ಕೇಳಿದರು.

ಚಿಕ್ಕವಳು ಬಾಗಿಲ ಕಡೆ ಕೈ ತೋರಿಸಿದಳು. "ಅವಳ ಹಾಗಿಲ್ಲ," ಎಂದಳು.

"ಅವರ ಹಾಗೇ ಬರುತ್ತೆ ಅಂತ ನಾನು ಮಾತು ಕೊಡಲ್ಲಮ್ಮ. ಇದು ವರ್ಷ, ಒಂದೂವರೆ ವರ್ಷದಲ್ಲಿ ಕರಗುತ್ತೆ. ಅವರದ್ದು ಮೊದಲು ಕರಗುತ್ತೆ, ನಿಮ್ಮದು ಆಮೇಲೆ. ನಿಮಗೇ ಬೇಕು ಅನ್ನಿಸಿದ್ರೆ ಸಂತೋಷವಾಗಿ ಮಾಡ್ತೀನಿ." ಬಿಳಿ ಪೆನ್ಸಿಲಿನಿಂದ ಎರಡೂ ಕೆನ್ನೆಯ ಮೇಲೆ ಚುಕ್ಕೆ, ಗೆರೆ ಹಾಕಿದರು. "ಸೂಜಿ ಹೋಗೋದು ಇಲ್ಲೆಲ್ಲ. ಹೊರಗೆ ಕೂತು ಯೋಚನೆ ಮಾಡಿ ಬನ್ನಿ."

ಹೊರಗೆ ದೊಡ್ಡವಳು ಏನೋ ಪತ್ರಿಕೆ ತಿರುವಿ ಹಾಕುತ್ತಿದ್ದಳು. ಬಾಗಿಲ ಸದ್ದಿಗೆ ತಲೆಯೆತ್ತಿದಳು. ಎದುರಿನ ಕೆನ್ನೆಯ ಮೇಲೆ ಬಿಳಿ ಕಂಡಿತು. ಕೈ ತಾನಾಗಿಯೇ ಮೇಲೆದ್ದಿತು. ಭಯ, ಡಾಕ್ಟರ ಮಾತು ಯಾವುದೂ ನೆನಪಿಲ್ಲದೆ ತನ್ನ ಕೆನ್ನೆಯನ್ನು ಮುಂಗೈಯಿಂದ ಗಸಗಸ ಒರೆಸಿಕೊಂಡಳು. ಚಿಕ್ಕವಳೂ ಒರೆಸಿಕೊಂಡಳು.

ಆಮೇಲೆಯೇ ಇಬ್ಬರಿಗೂ ಗೊತ್ತಾದದ್ದು.

"ಅಯ್ಯೋ, ಗುರುತೆಲ್ಲ ಅಳಿಸಿಹೋಯ್ತಲ್ಲೇ," ಎಂದಳು ದೊಡ್ಡವಳು. "ಹೋಗು, ಮತ್ತೆ ಹಾಕಿಸ್ಕೊಂಡು ಬಾ."

ಚಿಕ್ಕವಳು ತನ್ನ ಮುಂಗೈ ನೋಡಿಕೊಂಡಳು. ಬಿಳಿ ಮೆತ್ತಿಕೊಂಡಿತ್ತು, ದಿನವೂ ಮೆತ್ತಿಕೊಳ್ಳುವ ಹಿಟ್ಟಿನ ಹಾಗೆಯೇ. ಇಷ್ಟು ದಿನ ಕೊರಗಿದ್ದು ಇದಕ್ಕಾಗಿಯೇ, ಅದು ಸೂಜಿಯಿಲ್ಲದೆ ಸಿಕ್ಕಿಬಿಟ್ಟಿತ್ತು. ಬಾಗಿಲ ಹುಡುಗಿಯ ಕಡೆ ತಿರುಗಿ, "ಡಾಕ್ಟ್ರಿಗೆ ಹೇಳಮ್ಮ, ನಂಗೆ ಸದ್ಯಕ್ಕೆ ಬೇಡ," ಎಂದಳು. ಆಮೇಲೆ ಚಪ್ಪಲಿ ಮೆಟ್ಟುತ್ತ, "ನಡಿ ಅಕ್ಕ, ಹಿಟ್ಟು ಉಬ್ಬಿರುತ್ತೆ," ಎಂದಳು.

ಹುಡುಗಿ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡಿದಳು. ದೊಡ್ಡವಳು ಕೂತಲ್ಲಿಂದ ಏಳಲಿಲ್ಲ.

"ಏನೇ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ದೊಡ್ಡವಳು. "ಇನ್ನೊಂದ್ಸಲ ಹೇಳು."