ಅವ್ವನ ಸಂಡಿಗೆ, ನನ್ನ ಮಿಡತೆ

ಮಿಡತೆಯ ಮೈಯಲ್ಲಿ ಎಂಥ ಕೊಬ್ಬಿದೆ ಎಂದು ಕಂಡುಹಿಡಿಯುವುದು ನನ್ನ ಎಂ.ಎಸ್‌ಸಿ. ಸಂಶೋಧನೆಯ ವಿಷಯ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಇದನ್ನು ಹೇಳಿಕೊಂಡು ತಿರುಗುವ ಹಾಗಿರಲಿಲ್ಲ. ವಾರಿಗೆಯವರೆಲ್ಲ ವಕೀಲಿ ಓದುತ್ತಿದ್ದರು. ನಾನು ಬಲೆ ಹಿಡಿದು ಜೋಳದ ಹೊಲಗಳಲ್ಲಿ ಜಿಗಿಯುತ್ತಿದ್ದೆ. ನನಗೆ ‘ಮಿಡಚಿ ಮಾಸ್ತರ’ ಎಂದು ಹೆಸರಿಟ್ಟವರ ಹಲ್ಲುದುರಲಿ.

ಹಿಡಿದ ಮಿಡತೆಗಳನ್ನು ಗರಿಗರಿಯಾಗಿ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಆಮೇಲೆ ಕಾಲೇಜಿನಲ್ಲಿ ಈಥರ್ ಹಾಕಿ ಕೊಬ್ಬು ತೆಗೆಯಬೇಕು. ಮನೆಯಲ್ಲಿ ಬಿಸಿಲು ಬೀಳುವ ಜಾಗ ಒಂದೇ, ಮಾಳಿಗೆ. ಅದು ಅವ್ವನ ರಾಜ್ಯ. ಮಡಿಯಲ್ಲಿ ನನ್ನ ನೆರಳೂ ಸೋಕಗೊಡದ ಅವ್ವ ಹುಳದ ಡಬ್ಬಿಯನ್ನು ಮೇಲೆ ಬಿಟ್ಟಾಳೆಯೇ? ಹಠ ಹಿಡಿದ ಮೇಲೆ ಒಂದು ಕರಾರಾಯಿತು.

"ಮೂಲ್ಯಾಗ ಒಣಗಸ್ಕೋ. ಆದರ ನನ್ನ ಸಂಡಿಗಿ ನೀನ ಕಾಯಬೇಕು. ಒಂದ ಸಂಡಿಗಿ ಕಾಗಿ ಮುಟ್ಟಿದ್ರೂ ನಿನ್ನ ಹುಳಾ ಓಣ್ಯಾಗ ಒಗಿತೇನಿ!"

ಸಂಡಿಗೆಯ ಮೇಲೆ ಹಳೆಯ ಧೋತರ ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟು, ಕಾಗೆ ಹೆದರಲೆಂದು ಅಪ್ಪನ ಕರಿ ಕೊಡೆಯನ್ನೂ ಬಿಚ್ಚಿ ನಿಲ್ಲಿಸಿದೆ. ಮಿಡತೆಗಳನ್ನು ಮೊರದಲ್ಲಿ ಹಾಗೇ ಹರವಿ ಚಹಾ ಕುಡಿಯಲು ಕೆಳಗಿಳಿದೆ. ಹುಳ ಯಾರಿಗೆ ಬೇಕು?

ಬೇಕಿತ್ತು. ಜೋಳದ ತೆನೆಗೆ ಬರುವ ಕಬ್ಬಕ್ಕಿಗಳ ದೊಡ್ಡ ಹಿಂಡೊಂದು ಮಾಳಿಗೆಗೆ ಇಳಿಯಿತು. ನಾನು ಓಡಿ ಹತ್ತುವಷ್ಟರಲ್ಲಿ ಭರ್ರನೆ ಎದ್ದು, ಆಕಾಶದಲ್ಲಿ ಎಲ್ಲವೂ ಒಮ್ಮೆಲೇ ಎಡಕ್ಕೆ ತಿರುಗಿ ಹೋದವು. ಮೊರದಲ್ಲಿ ಕಾಲು, ರೆಕ್ಕೆಯ ಚೂರುಗಳಷ್ಟೇ ಉಳಿದಿದ್ದವು. ಸಂಡಿಗೆಗೆ ಏನೂ ಆಗಿರಲಿಲ್ಲ.

ಅವ್ವನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು. "ಹಂಗಾರ ಅವಕ್ಕ ನನ್ನ ಸಂಡಿಗಿಗಿಂತ ನಿನ್ನ ಮಿಡಚಿನೇ ರುಚಿ ಹತ್ತಿದ್ವೇನು?"

ಕಾಲೇಜಿನಲ್ಲಿ ನನ್ನ ಗೋಳು ಕೇಳಿ ಗುರುಗಳು ಕಣ್ಣರಳಿಸಿದರು. "ಇಡೀ ಹಿಂಡು ಒಮ್ಮೆಲೇ ತಿರುಗಿತೇನ್ರಿ? ಮುಂದಾಳು ಹಕ್ಕಿ ಯಾವುದು, ನೋಡಿದ್ರೇನು?" ಮನೆ ಸುಟ್ಟುಕೊಂಡವನನ್ನು ಬೆಂಕಿಯ ಬಣ್ಣ ಕೇಳಿದ ಹಾಗಿತ್ತು. ಮಳೆಗಾಲದೊಳಗೆ ಪುಡಿ ಸಿದ್ಧವಾಗದಿದ್ದರೆ ನನ್ನ ವರ್ಷ ಹೋಗುತ್ತಿತ್ತು. ಇನ್ನೊಂದು ವರ್ಷ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ನಿಜಕ್ಕೂ ಹೆದರಿದ್ದೆ.

ಸಿಟ್ಟನ್ನೆಲ್ಲ ಅವ್ವನ ಮುಂದೆ ಕಾರಿಕೊಂಡೆ. "ಮುಂದಾಳು ಯಾವುದು ಅಂತ ಕೇಳ್ತಾರ, ನೋಡು!"

"ಯಾವುದೂ ಇರಂಗಿಲ್ಲೇಳು. ಲಗ್ನದಾಗ ಒಬ್ಬಾಂವ ಎದ್ದಾ ಅಂದ್ರ ಮಂದಿ ಎಲ್ಲಾ ಪಂಕ್ತಿಗಿ ಓಡತದ. ಮೊದಲ ಎದ್ದಾಂವ ಯಾರಂತ ಯಾರು ನೋಡ್ತಾರ?" ಎಂದು ಅಕ್ಕಿ ಆರಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಕೇಳಿದಳು: "ಈಗ ಮಿಡಚಿ ಎಲ್ಲಿ ಸಿಗತಾವ?"

"ಉಣಕಲ್ ಕೆರಿ ದಂಡಿಮ್ಯಾಲೆ."

ಮರುದಿನ ಮೋಟಾರು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಅವ್ವ ಕೂತಿದ್ದಳು. ಕೆರೆಯ ಹುಲ್ಲಿನಲ್ಲಿ ಕಚ್ಚೆ ಬಿಗಿದು, ರಾಮ ರಾಮ ಎನ್ನುತ್ತಲೇ, ಸೆರಗು ಬೀಸಿ ಮಿಡತೆ ಹಿಡಿದಳು. "ಹೆಂಗೂ ಮೈಲಿಗಿ ಆದೆ. ಮನಿಗೆ ಹೋಗಿ ತಲಿಮ್ಯಾಲೆ ನೀರು ಹಾಕ್ಕೋತೇನಿ. ನೀ ಚೀಲಾ ನೆಟ್ಟಗ ಹಿಡಿ!" ನನಗಿಂತ ಚುರುಕಾಗಿದ್ದಳು ಎನ್ನಲು ಈಗಲೂ ಹೊಟ್ಟೆಯುರಿಯುತ್ತದೆ.

ಮಿಡತೆಗಳು ಮತ್ತೆ ಮಾಳಿಗೆಗೆ ಬಂದವು. ಕಾಲೇಜು ಮುಗಿಸಿ ಬಂದು ನೋಡಿದರೆ ಧೋತರ ಈಗ ಮಿಡತೆಯ ಮೇಲಿತ್ತು. ಪಕ್ಕದಲ್ಲಿ ಕೋಲು ಹಿಡಿದು, ಕರಿ ಕೊಡೆಯ ಕೆಳಗೆ ಅವ್ವ ಕೂತಿದ್ದಳು. ಅತ್ತ ಮೂಲೆಯಲ್ಲಿ ಕಾಗೆಗಳು ಆರಾಮಾಗಿ ಸಂಡಿಗೆ ತಿನ್ನುತ್ತಿದ್ದವು.

"ಅವ್ವಾ, ಸಂಡಿಗಿ!" ಎಂದು ಕೂಗಿದೆ.

ಅವಳು ಮೊರ ಬಿಟ್ಟು ಏಳಲಿಲ್ಲ. "ತಿನ್ನಲಿ ಬಿಡು. ಸಂಡಿಗಿ ನಾ ಮತ್ತ ಮಾಡತೇನಿ. ಮಿಡಚಿ ಮಾಡಲಿಕ್ಕೆ ನನಗ ಬರಂಗಿಲ್ಲ."