ನಕ್ಷೆಯಿಂದ ನಾನು ಅಳಿಸಿದ ಬಸ್‌ಸ್ಟಾಪ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಗಣಿತದ ಮಾಸ್ತರ, ಕತೆ ಕಟ್ಟುವುದು ನನ್ನ ಕಸುಬಲ್ಲ. ಇದು ನನಗೇ ಆದದ್ದು.

ಕಾರವಾರದಿಂದ ಹಿಲ್ಲೂರಿಗೆ ವರ್ಗವಾಗಿ ಬಂದ ಮೇಲೆ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ ನಕ್ಷೆಯಲ್ಲಿ ಅಂಕೋಲಾ ಕಡೆಯ ಬಸ್‌ಸ್ಟಾಪುಗಳಿಗೆ ಗುರುತು ಸಂಖ್ಯೆ ಹಾಕುತ್ತಿದ್ದೆ. ಡಿಪೋದ ಪಟ್ಟಿಯಲ್ಲಿದ್ದಂತೆ, ಒಂದು ಸ್ಟಾಪಿಗೆ ಒಂದೇ ಸಂಖ್ಯೆ. ಆ ನಕ್ಷೆಯಲ್ಲಿ ಎಂಥೆಂಥ ಪಂಡಿತರಿದ್ದಾರೆ ಅಂತೀರಿ! ಮನೆಯಲ್ಲಿ ಚಹಾ ಕುಡಿಯುತ್ತ ಮರದ ನೆರಳನ್ನೂ ಬಸ್‌ಸ್ಟಾಪ್ ಮಾಡುವವರು. ಹಿಲ್ಲೂರಿಗಿಂತ ಮೊದಲು, ಕಾಡಿನ ತಿರುವಿನಲ್ಲಿ ಯಾರೋ ಅಂಥದ್ದೊಂದು ಇಟ್ಟಿದ್ದರು. ಮನೆಯಿಲ್ಲ, ಕಂಬವಿಲ್ಲ, ಪಟ್ಟಿಯಲ್ಲಿ ಸಂಖ್ಯೆಯೂ ಇಲ್ಲ.

ತಮಾಷೆಯೆಂದರೆ ಅಂಕೋಲಾದಿಂದ ಹಿಲ್ಲೂರಿಗೆ ಬರುವ ಕೊನೆಯ ಬಸ್ಸು ದಿನವೂ ಅಲ್ಲಿ ನಿಲ್ಲುತ್ತಿತ್ತು. ಕಂಡಕ್ಟರ್ ಬಾಗಿಲು ತೆಗೆಯುತ್ತಿದ್ದ, ಯಾರೂ ಇಳಿಯುತ್ತಿರಲಿಲ್ಲ, 'ರೈಟ್' ಅನ್ನುತ್ತಿದ್ದ. ಮೂಢರು! ನಾನು ಆ ಸ್ಟಾಪನ್ನು ನಕ್ಷೆಯಿಂದ ಅಳಿಸಿಬಿಟ್ಟೆ.

ಮರುದಿನ ಅಂಕೋಲಾದಿಂದ ಮರಳುವಾಗ ನಾನು ಹತ್ತಿದ ಆ ಬಸ್ಸಿಗೆ ಹೊಸ ಕಂಡಕ್ಟರ್ ಬಂದಿದ್ದ. ತಿರುವು ಹತ್ತಿರವಾದಾಗ ಡ್ರೈವರ್ ವೇಗ ತಗ್ಗಿಸಿದ. ನಾನು ಕಂಡಕ್ಟರನಿಗೆ ಮೊಬೈಲ್ ತೋರಿಸಿದೆ. "ನೋಡಿ, ಇಲ್ಲಿ ಸ್ಟಾಪೇ ಇಲ್ಲ."

ಪಕ್ಕದ ಸೀಟಿನ ಅಜ್ಜಿ ಪಿಸುಗುಟ್ಟಿದಳು. "ಬ್ಯಾಡ ಮಾಸ್ತರ್ರೆ... ನಿಲ್ಸೂಕೆ ಬಿಡಿ. ಇಳಿಯೂರು ಇಳ್ದು ಹೋಗ್ಲಿ."

"ಯಾರಜ್ಜಿ ಇಳಿಯೋರು? ನಿಮ್ಮ ತಲೆ!" ಎಂದು ನಕ್ಕೆ. ಕಂಡಕ್ಟರ್ 'ರೈಟ್' ಅಂದ. ಬಸ್ಸು ನಿಲ್ಲಲಿಲ್ಲ...

ಆಗ ವಾಸನೆ ಬಂತು. ಒಣಮೀನಿನದು. ನನ್ನ ಹಿಂದಿನ ಸೀಟು ಖಾಲಿಯಿತ್ತು. ಆದರೂ ಅಲ್ಲಿ ಬುಟ್ಟಿ ಎಳೆದಂತೆ ಸರ್... ಸರ್... ಸದ್ದು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸುಮ್ಮನೆ ಮೊಬೈಲ್ ನೋಡುತ್ತ ಕುಳಿತೆ.

ಹಿಲ್ಲೂರಿನಲ್ಲಿ, ನನ್ನ ಬಾಡಿಗೆ ಮನೆಯೆದುರು, ನಾನೊಬ್ಬನೇ ಇಳಿದೆ. ತಿರುವಿನಲ್ಲಿ ನಿಲ್ಲಿಸುವ ಆ ಪದ್ಧತಿಯ ಗಂಧಗಾಳಿಯೂ ಇಲ್ಲದ ಹೊಸ ಕಂಡಕ್ಟರ್ ನನ್ನ ಬೆನ್ನ ಹಿಂದೆ ನೋಡಿ ಹೇಳಿದ. "ನಿಧಾನ ಇಳೀರಿ ಅಮ್ಮಾ, ಬುಟ್ಟಿ ಜಾಗ್ರತೆ."

ತಿರುಗಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಸ್ಸು ಹೊರಟುಹೋಯಿತು.

ಬಾಗಿಲು ತೆಗೆದ ಹೆಂಡತಿಯ ಮೊದಲ ಮಾತು: "ಒಣಮೀನು ತಂದ್ರಾ?"

ನನ್ನ ಕೈ ಖಾಲಿಯಿತ್ತು. ಭಯವಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಊಟವನ್ನೂ ಮಾಡದೆ ಆ ಸ್ಟಾಪನ್ನು ನಕ್ಷೆಗೆ ಮರಳಿ ಹಾಕಿದೆ. ಪಟ್ಟಿಯಲ್ಲಿಲ್ಲದ ಒಂದು ಸಂಖ್ಯೆಯನ್ನು ನಾನೇ ಕೊಟ್ಟೆ. ಮನೆಯಲ್ಲಿ ಕೂತು ಬರೆಯುವ ಪಂಡಿತರ ಸಾಲಿಗೆ ನಾನೂ ಸೇರಿದೆ.

ಈಗ ಬಸ್ಸು ಮತ್ತೆ ಆ ತಿರುವಿನಲ್ಲಿ ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಆದರೆ ಕತ್ತಲಾದ ಮೇಲೆ ನಮ್ಮ ಜಗಲಿಯಲ್ಲಿ ಸರ್... ಸರ್... ಎಂದು ಬುಟ್ಟಿ ಸರಿಯುವ ಸದ್ದು ನಿಂತಿಲ್ಲ. ನಕ್ಷೆ ತಿದ್ದಿದ್ದೇನೆ, ನಿಜ. ಇಲ್ಲಿ ಇಳಿದವಳಿಗೆ ಅದನ್ನು ಹೇಳುವವರು ಯಾರು?